ಸೇವಂತಿಯ ತುಕ್ಕು: ಒಂದೇ ಬಗೆಯೋ, ಎರಡೋ?

ಧಾರವಾಡದ ಹಿತ್ತಲಲ್ಲಿ ಎಂದೂ ತುಕ್ಕು ರೋಗ ಕಾಣದ ಸೇವಂತಿ ಪುಣೆಯ ಕೋಥ್ರೂಡಿನ ಟೆರೇಸಿಗೆ ಬಂದ ವರ್ಷವೇ ಎಲೆಯಡಿ ಕಂದು ಪುಡಿ ಕಟ್ಟಿಕೊಂಡರೆ ಎಲ್ಲರೂ ಹವೆಯನ್ನೇ ದೂರುತ್ತಾರೆ. ಹವೆಯೇ ಇರಬಹುದು. ಆದರೆ ತುಕ್ಕಿನ ಶಿಲೀಂಧ್ರದಲ್ಲೂ ಬಗೆಗಳಿವೆ. ಒಂದಕ್ಕೆ ಜಗ್ಗದ ತಳಿ ಇನ್ನೊಂದಕ್ಕೆ ಸುಲಭದ ತುತ್ತು. ಕ್ಯಾಲಿಫೋರ್ನಿಯಾದಲ್ಲಿ ತುಕ್ಕು ನಿರೋಧಕವೆಂದು ಬೆಳೆಸಿದ ಸ್ನ್ಯಾಪ್‌ಡ್ರ್ಯಾಗನ್ ಹೂಗಿಡಗಳು 1930ರ ದಶಕದಲ್ಲಿ ಹೊಸ ಬಗೆಯೊಂದಕ್ಕೆ ಹೀಗೇ ಸೋತವು.

ನಿಮ್ಮ ಗಿಡದ ತುಕ್ಕೂ ಇನ್ನೊಂದು ಮನೆಯ ಗಿಡದ್ದೂ ಒಂದೇ ಬಗೆಯೋ ಎಂದು ಮನೆಯಲ್ಲೇ ಪರೀಕ್ಷಿಸುವುದಾದರೆ ಮೊದಲು ಎಲೆ ತಿರುವಿ ನೋಡಿ. ಚಾಕೊಲೇಟ್ ಬಣ್ಣದ ಪುಡಿ ಬೆರಳಿಗೆ ಹತ್ತಿದರೆ ಅದು ಕಂದು ತುಕ್ಕು, ಮುಂದುವರಿಯಿರಿ. ಪುಡಿಯಾಗದ, ಕೆನೆಬಣ್ಣದ ಉಬ್ಬು ಗುಳ್ಳೆಗಳಿದ್ದರೆ ಬಿಳಿ ತುಕ್ಕಿನ ಗುಮಾನಿ. ಆಗ ಪ್ರಯೋಗ ಬೇಡ, ಗಿಡ ಕಿತ್ತು ಸುಟ್ಟುಬಿಡಿ.

ಪುಣೆಯ ಗುಲ್ಟೇಕಡಿ ಮಾರುಕಟ್ಟೆಗೆ ಬರುವ ರಾಜಾ, ಝಿಪ್ರಿಯಂಥ ಮೂರ್ನಾಲ್ಕು ತಳಿಗಳ ಒಂದೇ ವಯಸ್ಸಿನ ಸಸಿಗಳನ್ನು ನರ್ಸರಿಯಿಂದ ತನ್ನಿ, ಜೊತೆಗೆ ಊರಿನದೂ ಇರಲಿ. ಖಂಡಿತ ತುಕ್ಕು ಹಿಡಿಯುವ ಒಂದು ತಳಿ ಬೇಕೇ ಬೇಕು. ಇಲ್ಲದಿದ್ದರೆ ಯಾವುದರಲ್ಲೂ ಚುಕ್ಕೆ ಬಾರದಾಗ ಗಿಡಗಳು ಗಟ್ಟಿಯೋ, ತೇವ ಸಾಲದೆಹೋಯಿತೋ ತಿಳಿಯುವುದಿಲ್ಲ. ಹೋಲಿಕೆಗೆ, ತುಕ್ಕಿನ ಪುಡಿ ಸವರದೆ ಬರೀ ನೀರು ಚಿಮುಕಿಸಿದ ಸಸಿಯೂ ಒಂದಿರಲಿ.

ಪುಡಿ ತೆಗೆಯುವಾಗಲೇ ಬಹಳ ಜನ ಎಡವುವುದು. ಇಡೀ ಎಲೆ ಉಜ್ಜಿದರೆ ಎರಡು ಬಗೆ ಬೆರೆತಿರಬಹುದು. ಒಂದೇ ಗುಳ್ಳೆಯಿಂದ ಸಣ್ಣ ಕುಂಚದಲ್ಲಿ ತೆಗೆಯಿರಿ. ಸಸಿಗಳ ಎಲೆಯಡಿ ನೀರು ಚಿಮುಕಿಸಿ, ಪುಡಿ ಸವರಿ, ಪಾಲಿಥೀನ್ ಚೀಲ ಮುಚ್ಚಿ ರಾತ್ರಿಯಿಡೀ ತಂಪಿನಲ್ಲಿಡಿ. ಇದಕ್ಕೆ ಪುಣೆಯ ಡಿಸೆಂಬರ್ ಹೇಳಿ ಮಾಡಿಸಿದ್ದು. ಬೆಳಿಗ್ಗೆ ಚೀಲ ತೆಗೆಯಿರಿ. ಇನ್ನೊಂದು ಮನೆಯ ಗಿಡದ ಪುಡಿಯನ್ನು ಅವೇ ತಳಿಗಳ ಬೇರೆ ಸಸಿಗಳಿಗೆ, ಬೇರೆ ಕುಂಚದಲ್ಲಿ, ದೂರದ ಮೂಲೆಯಲ್ಲಿ ಸವರಿ. ನಡುವೆ ಕೈ ತೊಳೆಯಿರಿ.

ಸುಮಾರು ವಾರ, ಹತ್ತು ದಿನಕ್ಕೆ ಮಸುಕು ಚುಕ್ಕೆ ಮೂಡುತ್ತವೆ. ಅಷ್ಟಕ್ಕೇ ಆತುರಪಡಬೇಡಿ. ಚುಕ್ಕೆ ಅಲ್ಲೇ ಒಣಗಿ ಪುಡಿ ಬಾರದಿದ್ದರೆ ಗಿಡ ಶಿಲೀಂಧ್ರವನ್ನು ತಡೆದಿದೆ. ಗುಳ್ಳೆಯೊಡೆದು ಪುಡಿ ಸುರಿದರೆ ಸೋತಿದೆ. ಒಂದೇ ತಳಿ ಒಂದು ಪುಡಿಯನ್ನು ತಡೆದು ಇನ್ನೊಂದಕ್ಕೆ ಸೋತರೆ, ಮತ್ತೊಮ್ಮೆ ಮಾಡಿದರೂ ಹಾಗೇ ಆದರೆ, ಬಗೆ ಬೇರೆ ಎನ್ನಲು ಆಧಾರವಿದೆ. ಎರಡೂ ಪುಡಿ ಎಲ್ಲ ತಳಿಗಳಲ್ಲೂ ಒಂದೇ ಥರ ನಡೆದುಕೊಂಡರೆ ಬಗೆ ಒಂದೇ ಎಂದು ಸಾಬೀತಾಗುವುದಿಲ್ಲ. ವ್ಯತ್ಯಾಸ ತೋರುವ ತಳಿ ನಿಮ್ಮ ಸಾಲಿನಲ್ಲಿ ಇಲ್ಲದಿರಬಹುದು. ಬಗೆಗೆ ಹೆಸರಿಡುವ ಕೆಲಸ ಹೇಗೂ ಪ್ರಯೋಗಾಲಯದ್ದು.

ಪರೀಕ್ಷೆ ಮುಗಿದ ಎಲೆಗಳು ಕಾಂಪೋಸ್ಟ್ ಬುಟ್ಟಿಗೆ ಬೇಡ. ಚೀಲದಲ್ಲಿ ಬಿಗಿಯಾಗಿ ಕಟ್ಟಿ ಎಸೆಯಿರಿ, ಉಳಿದ ಗಿಡಗಳಿಗೆ ಬುಡಕ್ಕೆ ಮಾತ್ರ ನೀರು ಹಾಕಿ.