ತಿಗರಿಯಿಲ್ಲದೆ ಒಂದು ಬಟ್ಟಲು: ಸೆಜ್ನಾನ್ ಹೆಂಗಸರ ಕ್ರಮ

ಟ್ಯುನೀಶಿಯಾದ ಉತ್ತರದಲ್ಲಿ, ಮೆಡಿಟರೇನಿಯನ್ ಕಡಲಿಗೆ ಹತ್ತಿರದ ಗುಡ್ಡಗಳ ನಡುವೆ ಸೆಜ್ನಾನ್ ಎಂಬ ಊರಿದೆ. ಅಲ್ಲಿ ಮಡಕೆ ಮಾಡುವವರು ಹೆಂಗಸರು. ಹಳ್ಳದ ಮಣ್ಣು ಅಗೆದು ತಂದು, ಕುಟ್ಟಿ, ನೆನೆಸಿ, ಕೈಯಲ್ಲೇ ತಿದ್ದಿ, ಬಯಲಲ್ಲೇ ಸುಡುತ್ತಾರೆ. ಅಡುಗೆ ಪಾತ್ರೆಗಳ ಜೊತೆಗೆ ಗೊಂಬೆ, ಪ್ರಾಣಿಗಳೂ ಅವರ ಕೈಯಲ್ಲಿ ಮೂಡುತ್ತವೆ. 2018ರಲ್ಲಿ ಯುನೆಸ್ಕೊ ಈ ಕೌಶಲವನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ಕ್ರಮದಲ್ಲಿ ಚಿಕ್ಕ ಬಟ್ಟಲೊಂದನ್ನು ನೀವೂ ಮಾಡಬಹುದು.

ಕುಂಬಾರರಿಂದ ಎರಡು ಕೆ.ಜಿ. ಜೇಡಿಮಣ್ಣು ತನ್ನಿ. ಒಡೆದ ಮಡಕೆಯ ಚೂರನ್ನು ರವೆಯಂತೆ ಕುಟ್ಟಿ, ನಾಲ್ಕು ಪಾಲು ಮಣ್ಣಿಗೆ ಒಂದು ಪಾಲು ಬೆರೆಸಿ. ಇದನ್ನು ಬಿಡಲೇಬೇಡಿ: ಒಣಗುವಾಗ ಮಣ್ಣು ಕುಗ್ಗುವುದನ್ನು ಇದು ತಗ್ಗಿಸುತ್ತದೆ, ಸುಡುವಾಗ ಹಬೆಗೆ ದಾರಿ ಬಿಡುತ್ತದೆ. ಒಳಗೆ ಗಾಳಿ ಉಳಿಯದಂತೆ ಚೆನ್ನಾಗಿ ನಾದಿ.

ಬೂದಿ ಉದುರಿಸಿದ ಹಲಗೆಯ ಮೇಲೆ ರೊಟ್ಟಿಯಂತೆ ತಟ್ಟಿದರೆ ತಳ ಸಿದ್ಧ. ಕಿರುಬೆರಳು ದಪ್ಪದ ಸುರುಳಿಗಳನ್ನು ಹೊಸೆದು, ಅಂಚನ್ನು ಗೀರಿ, ಮಣ್ಣಿನ ನೀರು ಹಚ್ಚಿ, ಒಂದರ ಮೇಲೊಂದು ಸುತ್ತಿ. ಒಳಗೂ ಹೊರಗೂ ಬೆರಳಿನಿಂದ ಎಳೆದು ಬೆಸುಗೆ ಮರೆಸಿ.

ನೆರಳಲ್ಲಿ ಒಣಗಲು ಬಿಡಿ. ಹಸಿಯೂ ಅಲ್ಲದ, ಒಣಗಿಯೂ ಇಲ್ಲದ ಹದದಲ್ಲಿ, ಉಗುರು ಒತ್ತಿದರೆ ಗುರುತಷ್ಟೇ ಮೂಡುವಾಗ, ಬಟ್ಟೆಯಲ್ಲಿ ಸೋಸಿದ ಬಿಳಿ ಜೇಡಿಯ ತಿಳಿಗಂಜಿ ಬಳಿಯಿರಿ. ಅದು ಆರಿದ ಮೇಲೆ ಕೆಮ್ಮಣ್ಣಿನಿಂದ ಚಿತ್ತಾರ ಬಿಡಿಸಿ. ತ್ರಿಕೋನ, ಅಂಕುಡೊಂಕು ಗೆರೆ, ಜಾಲರಿ: ಅಲ್ಲಿನ ಹಚ್ಚೆಯಲ್ಲೂ ಉತ್ತರ ಆಫ್ರಿಕಾದ ಮೂಲನಿವಾಸಿಗಳಾದ ಬರ್ಬರ್ ಜನರ ನೇಯ್ಗೆಯಲ್ಲೂ ಇರುವ ನಮೂನೆಗಳನ್ನೇ ಇವು ನೆನಪಿಸುತ್ತವೆ. ಅಳತೆಪಟ್ಟಿ ಬೇಡ, ಕೈ ನಡೆದಂತೆ ಗೆರೆ ಎಳೆಯಿರಿ. ಅವರ ಕಪ್ಪು ಬಣ್ಣ ಲೆಂಟಿಸ್ಕ್ ಎಂಬ ಪೊದೆಯ ಎಲೆರಸದ್ದು, ಬಿಸಿ ತಾಗಿ ಕಪ್ಪಾಗುವಂಥದ್ದು. ಅದರ ಜಾಗಕ್ಕೆ ಅಂಗಡಿಯ ಬಣ್ಣ ತುಂಬುವುದಕ್ಕಿಂತ ಕೆಂಪು, ಬಿಳಿ ಎರಡರಲ್ಲೇ ಮುಗಿಸುವುದು ಚೆಂದ.

ನನಗೆ ಪ್ರಿಯವಾದ ಹಂತ ಉಜ್ಜುವುದು. ನುಣುಪಾದ ಹೊಳೆಗಲ್ಲನ್ನು ಹಿಡಿದು, ಒತ್ತಡ ಕೊಡದೆ, ಚಿಕ್ಕಚಿಕ್ಕ ವೃತ್ತಗಳಲ್ಲಿ ಉಜ್ಜುತ್ತಾ ಹೋಗಿ. ಮಂಕಾಗಿದ್ದ ಮೈ ಸ್ವಲ್ಪ ಸ್ವಲ್ಪವೇ ತಿಳಿಯಾಗಿ, ಹುಣಿಸೆ ಬೀಜದ ಹೊಳಪು ಬರುತ್ತದೆ. ಬಣ್ಣ ಕಲ್ಲಿಗೆ ಅಂಟಿದರೆ ಇನ್ನೂ ಹಸಿಯಿದೆ ಎಂದರ್ಥ, ಅರ್ಧ ಗಂಟೆ ಕಾಯಿರಿ.

ಸುಡುವ ಮೊದಲು ಒಂದು ವಾರವಾದರೂ ಒಣಗಲಿ. ನಾನು ಮೂರನೇ ದಿನಕ್ಕೇ ಬೆಂಕಿಗಿಟ್ಟ ಮೊದಲ ಬಟ್ಟಲು ಒಳಗಿನ ತೇವ ಹಬೆಯಾಗಿ ಸಿಡಿದುಹೋಯಿತು. ತೆರೆದ ಜಾಗದಲ್ಲಿ, ಗಾಳಿಯಿಲ್ಲದ ಹೊತ್ತು ನೋಡಿ, ಬಟ್ಟಲನ್ನು ಮೊದಲು ಬೆಂಕಿಯ ಪಕ್ಕದಲ್ಲಿಟ್ಟು ತಿರುಗಿಸುತ್ತಾ ಬಿಸಿ ಮಾಡಿ. ಆಮೇಲೆ ಮಡಕೆ ಚೂರುಗಳ ಮೇಲಿಟ್ಟು, ಸುತ್ತಲೂ ಮೇಲೂ ಬೆರಣಿ ಜೋಡಿಸಿ ಹೊತ್ತಿಸಿ. ಬೂದಿ ಪೂರ್ತಿ ತಣ್ಣಗಾಗುವವರೆಗೆ ಕೆದಕಬೇಡಿ. ಬೆರಣಿ ತಾಗಿದ ಕಡೆ ಹೊಗೆಯ ಕಲೆ ಬಿದ್ದಿರುತ್ತದೆ, ಅದನ್ನು ಉಜ್ಜಿ ತೆಗೆಯಬೇಡಿ. ಮೆರುಗೆಣ್ಣೆಯಿಲ್ಲದ ಈ ಬಟ್ಟಲು ನೀರು ಹೀರುತ್ತದೆ, ಆದ್ದರಿಂದ ಬೆಳ್ಳುಳ್ಳಿ, ಒಣ ಹೂವು ಇಡಲು ಬಳಸಿ.