ಕಬ್ಬು ವರ್ಷಕ್ಕೊಮ್ಮೆ, ಕಂತು ತಿಂಗಳಿಗೊಮ್ಮೆ

ನಾನು ಮಂಡ್ಯದ ಒಂದು ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುವವಳು. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಹಾಗಿದ್ದೂ ನಮ್ಮ ಮನೆಯ ಕಾರಿನ ಲೆಕ್ಕ ಹಾಕುವಾಗ ಮೊದಲ ಸಲ ಪೂರ್ತಿ ತಪ್ಪಿದೆ. ಆ ತಪ್ಪಿನಿಂದಲೇ ಶುರು ಮಾಡುತ್ತೇನೆ.

ಯಜಮಾನರು ಖಾಸಗಿ ಹೈಸ್ಕೂಲಿನಲ್ಲಿ ಮೇಷ್ಟ್ರು. ಇಬ್ಬರ ಸಂಬಳ ಸೇರಿ ಕೈಗೆ 52,000 ಬರುತ್ತದೆ. ಕೆರಗೋಡಿನ ಕಡೆ ಎರಡು ಎಕರೆ ಗದ್ದೆ ಇದೆ, ಅದರಲ್ಲಿ ಕಬ್ಬು. ಕಲ್ಲಹಳ್ಳಿಯಲ್ಲಿ ಸ್ವಂತ ಮನೆ, ಮಾವ ಕಟ್ಟಿಸಿದ್ದು. ಮನೆಯಲ್ಲಿ ಅತ್ತೆ, ಇಬ್ಬರು ಮಕ್ಕಳು. ವಾಹನ ಅಂತ ಇದ್ದದ್ದು ಒಂದು ಸ್ಕೂಟರ್. ಅತ್ತೆಯ ಮಂಡಿ ನೋವಿಗೆ ತಿಂಗಳಿಗೆ ಎರಡು ಸಲ ಮೈಸೂರಿಗೆ ಹೋಗಬೇಕು. ಸ್ಕೂಟರ್‌ನಲ್ಲಿ ಅವರನ್ನು ಕೂರಿಸಿಕೊಂಡು 45 ಕಿಲೋಮೀಟರ್ ಹೋಗುವುದಂತೂ ಆಗದು. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇ ಮೇಲೆ ದ್ವಿಚಕ್ರ ವಾಹನ ಬಿಡುವುದೂ ಇಲ್ಲ. ಬಾಡಿಗೆ ಕಾರಿಗೆ ಹೋಗಿ ಬರಲು, ಕಾಯುವುದೂ ಸೇರಿ, 2,000 ರೂಪಾಯಿ ಕೊಡುತ್ತಿದ್ದೆವು.

ನಿಜ ಹೇಳಬೇಕೆಂದರೆ ಲೆಕ್ಕದಲ್ಲಿ ಬಾಡಿಗೆ ಕಾರೇ ಗೆದ್ದಿತ್ತು. ತಿಂಗಳಿಗೆ ನಾಲ್ಕೈದು ಸಾವಿರದಲ್ಲಿ ಮುಗಿಯುತ್ತಿತ್ತು. ಇನ್ಶೂರೆನ್ಸ್ ಇಲ್ಲ, ಸರ್ವಿಸ್ ಇಲ್ಲ, ಟೈರ್ ಇಲ್ಲ. ಯಾರಾದರೂ ಬರೀ ಲೆಕ್ಕ ಕೇಳಿದರೆ ಇವತ್ತಿಗೂ ನಾನು ಅದನ್ನೇ ಹೇಳುತ್ತೇನೆ. ಆದರೆ 2024ರ ನವೆಂಬರ್‌ನಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಅತ್ತೆಗೆ ಉಸಿರು ಕಟ್ಟಿತು. ಹೊರಗೆ ಮಳೆ. ಗೊತ್ತಿದ್ದ ಇಬ್ಬರು ಡ್ರೈವರ್‌ಗಳ ಫೋನೂ ಸ್ವಿಚ್ ಆಫ್. ಎದುರು ಮನೆಯವರು ಆಟೋ ತೆಗೆದರು, ಟಾರ್ಪಾಲು ಇಳಿಬಿಟ್ಟುಕೊಂಡು ಆಸ್ಪತ್ರೆ ಸೇರಿಸಿದೆವು. ಬೆಳಗ್ಗೆ ಅತ್ತೆ ಎದ್ದು ಕಾಫಿ ಕೇಳಿದರು. ನಾನು ಅಲ್ಲೇ ಬೆಂಚಿನ ಮೇಲೆ ಕೂತು ಕಾರು ತಗೊಳ್ಳೋಣ ಎಂದೆ.

ಶೋರೂಮಿನಲ್ಲಿ ನಾವು ನೋಡಿದ್ದು ಸಣ್ಣ ಪೆಟ್ರೋಲ್ ಕಾರು. ಆನ್ ರೋಡ್, ಅಂದರೆ ತೆರಿಗೆ, ಇನ್ಶೂರೆನ್ಸ್ ಎಲ್ಲಾ ಸೇರಿ, 8 ಲಕ್ಷ 72 ಸಾವಿರ. 6 ಲಕ್ಷ ಸಾಲ, ಉಳಿದದ್ದು ಕೈಯಿಂದ. ಶೇ 9ರ ಬಡ್ಡಿಗೆ, 5 ವರ್ಷಕ್ಕೆ, ತಿಂಗಳ ಕಂತು 12,455. ನಾನು ಮನೆಗೆ ಬಂದು ಹಾಳೆಯ ಮೇಲೆ ಬರೆದೆ. ಸಂಬಳ 52,000. ಅದರ ಜೊತೆಗೆ ಕಬ್ಬಿನ ದುಡ್ಡನ್ನು ಹನ್ನೆರಡರಿಂದ ಭಾಗಿಸಿ ತಿಂಗಳಿಗೆ ಇಷ್ಟು ಎಂದು ಸೇರಿಸಿದೆ. ಕಂತು ಆರಾಮಾಗಿ ಕೂತಿತು. ಖುಷಿಯಿಂದ ಹಾಳೆಯನ್ನು ಅತ್ತೆಗೆ ಓದಿ ಹೇಳಿದೆ. ಅವರು ಅವರೆಕಾಯಿ ಸುಲಿಯುತ್ತಾ ಕೇಳಿದರು, "ತಿಂಗ್ಳು ತಿಂಗ್ಳು ಕಟ್ಟಕ್ಕೆ ಕಬ್ಬೇನ್ ತಿಂಗ್ಳಿಗೊಂದ್ ಸತಿ ಕಡ್ದೀರಾ?"

ನಾನು ಸುಮ್ಮನಾದೆ. ಮಾಡಿದ್ದ ತಪ್ಪು ಅದೇ. ಕಬ್ಬು ಕಡಿದ 14 ದಿನದೊಳಗೆ ಕಾರ್ಖಾನೆ ದುಡ್ಡು ಕೊಡಬೇಕು ಅಂತ ಕಾನೂನಿದೆ. ನಮಗೆ ಎರಡು ತಿಂಗಳಾದದ್ದೂ ಇದೆ. 2023ರಲ್ಲಿ ಮಳೆ ಕೈಕೊಟ್ಟು ಕನ್ನಂಬಾಡಿ ತುಂಬದೆ ನಾಲೆಯಲ್ಲಿ ನೀರು ನಿಂತಾಗ ಇಳುವರಿ ಅರ್ಧಕ್ಕೆ ಬಂದಿತ್ತು. ಬ್ಯಾಂಕ್ ಮಾತ್ರ ಐದನೇ ತಾರೀಕು ಬಂತೆಂದರೆ ಕಂತು ಎಳೆದುಕೊಳ್ಳುತ್ತದೆ. ಅವತ್ತೇ ಕಬ್ಬನ್ನು ಕಂತಿನ ಲೆಕ್ಕದಿಂದ ತೆಗೆದು ಹಾಕಿದೆ.

ಆಮೇಲೆ ನಾನು ಮಾಡಿದ ಒಂದು ಕೆಲಸಕ್ಕೆ ಯಜಮಾನರು ಆರು ತಿಂಗಳು ನಕ್ಕರು. ಇಲ್ಲದ ಕಾರಿಗೆ ಕಂತು ಕಟ್ಟಲು ಶುರು ಮಾಡಿದೆ.

ಬೇರೆ ಒಂದು ಉಳಿತಾಯ ಖಾತೆ ತೆರೆದೆ. 2025ರ ಜನವರಿಯಿಂದ ಪ್ರತಿ ತಿಂಗಳು ಐದನೇ ತಾರೀಕು ಅದಕ್ಕೆ 18,000 ಹಾಕಬೇಕು ಅಂತ ನಿಯಮ. ಕಂತಿಗೆ 12,500. ಪೆಟ್ರೋಲು, ಇನ್ಶೂರೆನ್ಸು, ಸರ್ವಿಸ್ ಎಲ್ಲಾ ಸೇರಿ 5,500. ಬಾಡಿಗೆ ಕಾರಿಗೆ ಹೋಗುವ ದುಡ್ಡನ್ನು ಆ 5,500ರಲ್ಲೇ ತೆಗೆದುಕೊಳ್ಳಬಹುದು, ಯಾಕೆಂದರೆ ಸ್ವಂತ ಕಾರು ಬಂದರೆ ಅದು ಉಳಿಯುತ್ತದಲ್ವಾ. ಕಂತಿನ 12,500 ಮಾತ್ರ ಮುಟ್ಟಬಾರದು. ಮುಟ್ಟಿದರೆ ಬರೆದಿಡಬೇಕು.

ಜನವರಿ, ಫೆಬ್ರವರಿ ಸಲೀಸು. ನಾನು ಬೀಗಿದೆ. ಮಾರ್ಚ್‌ನಲ್ಲಿ ಯುಗಾದಿಯ ಬಟ್ಟೆ, ಎರಡು ಮದುವೆಯ ಮುಯ್ಯಿ. 4,000 ಕಡಿಮೆಯಾಯಿತು. ಏಪ್ರಿಲ್‌ನಲ್ಲಿ ಎಲ್‌ಐಸಿ ಪ್ರೀಮಿಯಂ, 12,000 ಮಾತ್ರ ಹಾಕಲಾಯಿತು. ಮೇ ತಿಂಗಳು ನೋಡಿ, ಮಕ್ಕಳ ಫೀಸು, ಪುಸ್ತಕ, ಸಮವಸ್ತ್ರ, ಶೂ. ಖಾತೆಗೆ ಬಿದ್ದದ್ದು 4,000. ನಿಜವಾದ ಸಾಲ ಆಗಿದ್ದರೆ ಆ ತಿಂಗಳ ಕಂತು ಬೌನ್ಸ್ ಆಗುತ್ತಿತ್ತು. ದಂಡ ಬೇರೆ, ಮುಂದೆ ಸಾಲ ಕೊಡುವವರು ನೋಡುವ ಸಿಬಿಲ್ ಸ್ಕೋರ್‌ಗೆ ಏಟು ಬೇರೆ. ಜೂನ್‌ನಲ್ಲಿ 16,000. ಒಟ್ಟು 82,000. ಆರು ತಿಂಗಳಿಗೆ ಹಂಚಿದರೆ ತಿಂಗಳಿಗೆ 13,667. ಕಾರು ಓಡಿಸುವ ಖರ್ಚು 5,500 ಕಳೆದರೆ ಕಂತಿಗೆ ಉಳಿಯುವುದು 8,167.

ಮಂಡ್ಯದ ಯಾವ ಮನೆಯ ಲೆಕ್ಕವನ್ನಾದರೂ ಕೊಡಿ, ಬರೀ ಹಾಳೆಯ ಮೇಲೆ ಹಾಕಿದರೆ ಈ 8,167 ಸಿಗುವುದಿಲ್ಲ. ಮುಯ್ಯಿಯನ್ನು ಯಾರೂ ಖರ್ಚಿನ ಪಟ್ಟಿಯಲ್ಲಿ ಬರೆಯುವುದಿಲ್ಲ. ನಾನೂ ಬರೆದಿರಲಿಲ್ಲ.

ಇನ್ನು ತಿರುಗಿಸಿ ಲೆಕ್ಕ ಹಾಕುವುದು ಸುಲಭ. ಶೇ 9ರ ಬಡ್ಡಿಗೆ 5 ವರ್ಷದ ಸಾಲವಾದರೆ ಪ್ರತಿ ಲಕ್ಷಕ್ಕೆ ತಿಂಗಳಿಗೆ 2,076 ರೂಪಾಯಿ ಕಂತು. ಈ ಒಂದು ಸಂಖ್ಯೆ ಬಾಯಿಪಾಠ ಮಾಡಿಕೊಂಡರೆ ಸಾಕು. ನಮ್ಮ 8,167ಕ್ಕೆ ಹೆಚ್ಚುಕಡಿಮೆ 4 ಲಕ್ಷ ಸಾಲ. 6 ಅಲ್ಲ, 4. ಶೋರೂಮಿನ ಹುಡುಗ ಇದಕ್ಕೂ ಒಂದು ದಾರಿ ತೋರಿಸಿದ. 6 ಲಕ್ಷವನ್ನೇ 7 ವರ್ಷ ಮಾಡಿಕೊಳ್ಳಿ, ಕಂತು 9,653ಕ್ಕೆ ಇಳಿಯುತ್ತೆ ಮೇಡಂ ಎಂದ. ಇಳಿಯುತ್ತೆ ನಿಜ. ಬಡ್ಡಿ ಮಾತ್ರ 1 ಲಕ್ಷ 47 ಸಾವಿರದಿಂದ 2 ಲಕ್ಷ 11 ಸಾವಿರಕ್ಕೆ ಏರುತ್ತದೆ. ಏಳು ವರ್ಷ ಅಂದರೆ ಈಗ ನಾಲ್ಕನೇ ಕ್ಲಾಸಿನಲ್ಲಿರುವ ನನ್ನ ಮಗಳು ಪಿಯುಸಿಗೆ ಬಂದಿರುತ್ತಾಳೆ. ಅವಳ ಫೀಸು, ಹಳೇ ಕಾರಿನ ಕಂತು ಎರಡೂ ಒಟ್ಟಿಗೆ ಬೇಡ ಅನ್ನಿಸಿತು.

ಅದೇ ಶೋರೂಮಿನ ಮೂಲೆಯಲ್ಲಿ ಒಂದು ಫೈನಾನ್ಸ್ ಕಂಪನಿಯವರು ಮೇಜು ಹಾಕಿಕೊಂಡಿದ್ದರು. "ಬ್ಯಾಂಕ್‌ನವರದು 9, ನಮ್ಮದು ಬರೀ ಐದೂವರೆ" ಎಂದರು. ಯಜಮಾನರ ಕಣ್ಣು ಅರಳಿತು. ನಾನು ಕಂತು ಎಷ್ಟು ಅಂತ ಮಾತ್ರ ಕೇಳಿದೆ. 6 ಲಕ್ಷಕ್ಕೆ 5 ವರ್ಷ, 12,750 ಎಂದರು. ಶೇ 9ರ ಬ್ಯಾಂಕಿಗಿಂತ ಐದೂವರೆಯವರ ಕಂತು 295 ರೂಪಾಯಿ ಜಾಸ್ತಿ! ಇದು ಫ್ಲಾಟ್ ಬಡ್ಡಿಯ ಆಟ. ಪ್ರತಿ ತಿಂಗಳು ನೀವು ಅಸಲು ತೀರಿಸುತ್ತಾ ಬಂದರೂ ಅವರು ಕೊನೆಯವರೆಗೆ ಪೂರ್ತಿ 6 ಲಕ್ಷಕ್ಕೇ ಬಡ್ಡಿ ಹಾಕುತ್ತಾರೆ. ಬ್ಯಾಂಕ್ ಹಾಕುವುದು ಉಳಿದ ಬಾಕಿಗೆ ಮಾತ್ರ. 5 ವರ್ಷದ ಸಾಲದಲ್ಲಿ ಫ್ಲಾಟ್ ಐದೂವರೆ ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಶೇ 10ಕ್ಕೆ ಸಮ. 2024ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಸಾಲ ಕೊಡುವವರು ಮುಖ್ಯ ವಿವರಗಳ ಒಂದು ಹಾಳೆ ಕೊಡಲೇಬೇಕು. ಅದರಲ್ಲಿ ಎಪಿಆರ್ ಅಂತ ಒಂದು ಸಂಖ್ಯೆ ಇರುತ್ತದೆ, ಬಡ್ಡಿ ಮತ್ತು ಶುಲ್ಕ ಎಲ್ಲಾ ಸೇರಿ ವರ್ಷಕ್ಕೆ ನಿಜವಾಗಿ ಎಷ್ಟು ಬೀಳುತ್ತದೆ ಅನ್ನುವುದು. ಆ ಹಾಳೆ ಕೊಡಿ, ಎಪಿಆರ್ ನೋಡಿ ಹೇಳುತ್ತೇನೆ ಎಂದೆ. ಟೀ ತರಿಸಿದರು. ಹಾಳೆ ತರಿಸಲಿಲ್ಲ.

ನನ್ನನ್ನು ಸ್ವಲ್ಪ ತಬ್ಬಿಬ್ಬು ಮಾಡಿದ್ದು ಇನ್ನೊಂದು ಮಾತು. ನಮ್ಮ ಹತ್ತಿರ 4 ಲಕ್ಷದ ಎಫ್‌ಡಿ ಇತ್ತು, ಶೇ 7ರದ್ದು. ಅದನ್ನು ಮುರಿದರೆ ಸಾಲವೇ ಹೆಚ್ಚು ಬೇಕಿರಲಿಲ್ಲ. ಶೋರೂಮಿನ ಹುಡುಗ ಹೇಳಿದ, "ಎಫ್‌ಡಿ ಮುರೀಬೇಡಿ ಮೇಡಂ. 4 ಲಕ್ಷ ಐದು ವರ್ಷಕ್ಕೆ 1 ಲಕ್ಷ 66 ಸಾವಿರ ಬಡ್ಡಿ ತರುತ್ತೆ. 4 ಲಕ್ಷ ಸಾಲಕ್ಕೆ ನೀವು ಕಟ್ಟೋ ಬಡ್ಡಿ 98 ಸಾವಿರ. ಸಾಲ ಮಾಡಿದ್ರೇನೇ ನಿಮಗೆ 68 ಸಾವಿರ ಲಾಭ." ಎರಡೂ ಸಂಖ್ಯೆ ಸರಿ. ಬಡ್ಡಿ ದರ ನೋಡಿದರೆ ಕಟ್ಟುವುದು 9, ಬರುವುದು 7. ಹಾಗಿದ್ದ ಮೇಲೆ ಲಾಭ ಎಲ್ಲಿಂದ ಬಂತು? ಒಂದು ರಾತ್ರಿ ಪೂರ್ತಿ ತಲೆ ತಿಂದಿತು.

ಬೆಳಗ್ಗೆ ಪಾತ್ರೆ ತೊಳೆಯುವಾಗ ಹೊಳೆಯಿತು. ಅವನು ನನ್ನ ಕಂತನ್ನೇ ಮರೆತಿದ್ದ. ಎಫ್‌ಡಿ ಮುರಿದು ಕಾರು ತಗೊಂಡರೆ ತಿಂಗಳಿಗೆ 8,303 ರೂಪಾಯಿ ಕಂತು ಕಟ್ಟುವ ಹಾಗಿಲ್ಲ. ಆ ದುಡ್ಡು ನನ್ನ ಕೈಯಲ್ಲೇ ಇರುತ್ತದೆ. ಅದನ್ನು ತಿಂಗಳು ತಿಂಗಳು ಕಟ್ಟುವ ಠೇವಣಿಗೆ, ಅಂದರೆ ಅದೇ ಶೇ 7ರ ಆರ್‌ಡಿಗೆ ಹಾಕಿದರೆ ಐದು ವರ್ಷಕ್ಕೆ 5 ಲಕ್ಷ 94 ಸಾವಿರದಷ್ಟಾಗುತ್ತದೆ. ಎಫ್‌ಡಿ ಇಟ್ಟುಕೊಂಡು ಸಾಲ ಮಾಡಿದರೆ ಕೊನೆಗೆ ಕೈಯಲ್ಲಿರುವುದು 5 ಲಕ್ಷ 66 ಸಾವಿರ. ಅಂದರೆ 68 ಸಾವಿರ ಲಾಭವಲ್ಲ, 28 ಸಾವಿರ ನಷ್ಟ.

ಇಷ್ಟು ಗೊತ್ತಾದ ಮೇಲೂ ನಾವು ಎಫ್‌ಡಿ ಪೂರ್ತಿ ಮುರಿಯಲಿಲ್ಲ. 1 ಲಕ್ಷ ತೆಗೆದು 3 ಲಕ್ಷ ಬಿಟ್ಟೆವು. ಆ 3 ಲಕ್ಷವನ್ನು ಮುಟ್ಟದೆ ಇಟ್ಟದ್ದಕ್ಕೆ ನಮಗೆ ಬೀಳುವ ನಷ್ಟ ಐದು ವರ್ಷಕ್ಕೆ 21 ಸಾವಿರ, ತಿಂಗಳಿಗೆ 350. ಅತ್ತೆಯ ಉಸಿರಾಟ ಮತ್ತೆ ಕೆಟ್ಟರೆ, ನಾಲೆಗೆ ನೀರು ಬಾರದೆ ಹೋದರೆ ಮುರಿಯಲು ಒಂದು ಎಫ್‌ಡಿ ಇದೆ ಅನ್ನುವ ಧೈರ್ಯಕ್ಕೆ 350 ರೂಪಾಯಿ ಕೊಡಬಹುದು ಅನ್ನಿಸಿತು. ತಿಂಗಳ ಸಂಬಳ ಖಾತ್ರಿ ಇರುವ ಸರ್ಕಾರಿ ನೌಕರರ ಮನೆಯಾಗಿದ್ದರೆ ನಾನು ಬೇರೆ ಥರ ಯೋಚಿಸುತ್ತಿದ್ದೆ.

ಇಲ್ಲದ ಕಾರಿನ ಖಾತೆಯನ್ನು ಜೂನ್ ಆದ ಮೇಲೂ ನಿಲ್ಲಿಸಲಿಲ್ಲ. ಸೆಪ್ಟೆಂಬರ್ ಹೊತ್ತಿಗೆ ಅದರಲ್ಲಿ 1 ಲಕ್ಷ 20 ಸಾವಿರ ಇತ್ತು. ಜುಲೈನಲ್ಲಿ ಕಬ್ಬು ಕಡಿದೆವು, ದುಡ್ಡು ಸೆಪ್ಟೆಂಬರ್‌ನಲ್ಲಿ ಬಂತು. ಖರ್ಚು ಕಳೆದು 1 ಲಕ್ಷ 80 ಸಾವಿರ. ಈ ಮಧ್ಯೆ ನಮ್ಮ ಪ್ರಯತ್ನ ಏನೂ ಇಲ್ಲದೆ ಒಂದು ಅದೃಷ್ಟ ಒದಗಿತು. ಸಣ್ಣ ಪೆಟ್ರೋಲ್ ಕಾರಿನ ಜಿಎಸ್‌ಟಿ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿಯಿತು, ಅದರ ಮೇಲಿದ್ದ ಸೆಸ್ಸೂ ಹೋಯಿತು. ಮಹಾಲಯ ಅಮಾವಾಸ್ಯೆ ಕಳೆದ ಮರುದಿನ ಅದು. ಪಿತೃಪಕ್ಷದಲ್ಲಿ ಹೇಗೂ ಯಾರೂ ಕಾರು ತಗೊಳ್ಳುತ್ತಿರಲಿಲ್ಲ ಬಿಡಿ. 7 ಲಕ್ಷ 20 ಸಾವಿರ ಇದ್ದ ಶೋರೂಮ್ ಬೆಲೆ 6 ಲಕ್ಷ 59 ಸಾವಿರವಾಯಿತು. ಬೆಲೆ ಇಳಿದಾಗ ಅದರ ಮೇಲಿನ ರೋಡ್ ಟ್ಯಾಕ್ಸೂ ಇಳಿಯುತ್ತದೆ. ಆದರೂ ನಮ್ಮ ರಾಜ್ಯದಲ್ಲಿ 5ರಿಂದ 10 ಲಕ್ಷದ ಕಾರಿಗೆ ಅದು ಶೇ 14, ಮೇಲೆ ಸೆಸ್. ಎಲ್ಲಾ ಸೇರಿ ಒಂದು ಲಕ್ಷ ದಾಟಿತು. ಆನ್ ರೋಡ್ 8 ಲಕ್ಷ 4 ಸಾವಿರ. ಖಾತೆ, ಕಬ್ಬು, ಎಫ್‌ಡಿ ಹೀಗೆ ನಮ್ಮ ಮೂರು ಕಡೆಯ ದುಡ್ಡು 4 ಲಕ್ಷ, ಬ್ಯಾಂಕಿನದು 4 ಲಕ್ಷ. ಕಡಿಮೆ ಬಿದ್ದ 4 ಸಾವಿರವನ್ನು ಅತ್ತೆ ಸೆರಗಿನ ಗಂಟು ಬಿಚ್ಚಿ ಕೊಟ್ಟರು.

ಬ್ಯಾಂಕಿನಲ್ಲಿ ಸಹಿ ಹಾಕುವ ಮೊದಲು ನಾನು ಹೆಚ್ಚು ಹೊತ್ತು ಕೂತದ್ದು ಬಡ್ಡಿಯ ಬಗ್ಗೆ ಅಲ್ಲ, ಮುಂಚಿತವಾಗಿ ಕಟ್ಟುವುದರ ಬಗ್ಗೆ. ಕಬ್ಬಿನ ದುಡ್ಡಿಗೆ ಸಾಲದಲ್ಲಿ ಜಾಗ ಇರುವುದು ಅಲ್ಲೇ. ನಮ್ಮದು ಸ್ಥಿರ ಬಡ್ಡಿಯ ಸಾಲ. ಹನ್ನೆರಡು ಕಂತು ಆದ ಮೇಲೆ ವರ್ಷಕ್ಕೆ ಬಾಕಿಯ ಕಾಲು ಭಾಗದವರೆಗೆ ಕಟ್ಟಬಹುದು, ಕಟ್ಟಿದ್ದಕ್ಕೆ ಶೇ 3 ಶುಲ್ಕ, ಅದರ ಮೇಲೆ ಜಿಎಸ್‌ಟಿ. ಬದಲಾಗುವ ಬಡ್ಡಿಯ ಸಾಲಕ್ಕೆ, ಅದು ವ್ಯಾಪಾರಕ್ಕಲ್ಲದೆ ವ್ಯಕ್ತಿಯ ಹೆಸರಲ್ಲಿದ್ದರೆ, ಇಂಥ ಶುಲ್ಕ ಹಾಕುವಂತಿಲ್ಲ. ನೀವು ಕೇಳಿ ತಿಳಿದುಕೊಳ್ಳಿ. ಮೊದಲ ವರ್ಷ ಮುಗಿದಾಗ ನಮ್ಮ ಬಾಕಿ 3 ಲಕ್ಷ 34 ಸಾವಿರದಷ್ಟಿರುತ್ತದೆ. ಆಗ ಕಬ್ಬಿನ ದುಡ್ಡಲ್ಲಿ 60,000 ಕಟ್ಟಿ, ಕಂತನ್ನು ಇಳಿಸದೆ ಹಾಗೇ ಬಿಟ್ಟರೆ, ಉಳಿದ 48 ಕಂತು 38ಕ್ಕೆ ಬರುತ್ತದೆ. ಬಡ್ಡಿಯಲ್ಲಿ 23 ಸಾವಿರ ಉಳಿತಾಯ, ಶುಲ್ಕ 2,124. ಕಬ್ಬು ಕೈಕೊಟ್ಟ ವರ್ಷ ಏನೂ ಕಟ್ಟದಿದ್ದರೂ ಯಾರೂ ಕೇಳುವುದಿಲ್ಲ. ಕಂತು ಇಳಿಸಬೇಕಾ, ತಿಂಗಳು ಇಳಿಸಬೇಕಾ ಅಂತ ಅವರು ಕೇಳಿದಾಗ ತಿಂಗಳು ಇಳಿಸಿ ಅನ್ನಬೇಕು. ನಮ್ಮ ಮಿಲ್‌ನ ಒಬ್ಬರು ಕಂತು ಇಳಿಸಿಕೊಂಡು ಆಮೇಲೆ ಪೇಚಾಡಿದರು.

ಸಾಲ ತೀರಿದ ಮೇಲೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ಫಾರಂ 35 ತಗೊಂಡು ಆರ್‌ಟಿಒದಲ್ಲಿ ಆರ್‌ಸಿಯ ಮೇಲಿನ ಬ್ಯಾಂಕಿನ ಹೆಸರು ತೆಗೆಸಬೇಕು. ಕೊನೆಯ ಕಂತು ಕಟ್ಟಿದರೆ ಅದು ತಾನಾಗಿ ಹೋಗುವುದಿಲ್ಲ.

ಆಯುಧಪೂಜೆಗೆ ಕಾರು ಬರಲಿಲ್ಲ. ಬುಕ್ಕಿಂಗ್ ಅಷ್ಟಿತ್ತು. ಆ ಸಲವೂ ಸ್ಕೂಟರ್‌ಗೇ ಬೂದುಗುಂಬಳ ಒಡೆದೆವು, ಯಜಮಾನರು ಮುಖ ಊದಿಸಿಕೊಂಡೇ. ನವೆಂಬರ್‌ನಲ್ಲಿ ಕಾರು ಬಂತು. ಮೊದಲ ಸಲ ಮೈಸೂರಿಗೆ ಹೊರಟಾಗ ಅತ್ತೆ ಮುಂದಿನ ಸೀಟಿನಲ್ಲಿ ಚೀಲ ತಬ್ಬಿಕೊಂಡು ಕೂತಿದ್ದರು. ಗಣಂಗೂರು ಟೋಲ್‌ನಲ್ಲಿ ಗೇಟು ಮೇಲೆದ್ದಿತು, ನನ್ನ ಫೋನಿಗೆ ದುಡ್ಡು ಕಟ್ಟಾದ ಮೆಸೇಜು ಬಂತು. ಅತ್ತೆ ಹಿಂದಕ್ಕೆ ತಿರುಗಿ ಕೇಳಿದರು, "ಇದೂ ಕಂತೇನಮ್ಮಿ?"