ಹರಿದ ವಿಂಚ್ ಹಗ್ಗಕ್ಕೆ ಗಂಟು ಹಾಕಬೇಡಿ

ಕಾಸರಗೋಡು ಜಿಲ್ಲೆಯ ಮುಳ್ಳೇರಿಯ, ಬಂದಡ್ಕದ ಕಡೆ ಗುಡ್ಡದ ತೋಟಗಳಿಗೆ ಏರುವ ಜೀಪುಗಳ ವಿಂಚಿನಲ್ಲಿ (ಡ್ರಮ್ಮಿಗೆ ಹಗ್ಗ ಸುತ್ತಿ ಗಾಡಿ ಎಳೆಯುವ ಯಂತ್ರ) ಈಗ ಉಕ್ಕಿನ ರೋಪಿನ ಬದಲು ಸಿಂಥೆಟಿಕ್ ಹಗ್ಗ ಕಾಣಿಸುತ್ತದೆ. ಹಗುರ, ಕೈಗೆ ಚುಚ್ಚುವುದಿಲ್ಲ. ಆದರೆ ಅದು ಹರಿದಾಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಎರಡು ತುದಿ ಸೇರಿಸಿ ಗಂಟು ಬಿಗಿಯುವುದು. ಈ ಹಗ್ಗಕ್ಕೆ ಬಳಸುವ ಡೈನೀಮಾದಂತಹ ಸಿಂಥೆಟಿಕ್ ನೂಲು ವಿಪರೀತ ನುಣುಪು. ಗಂಟು ಒಂದೋ ಜಾರಿ ಬಿಚ್ಚಿಕೊಳ್ಳುತ್ತದೆ, ಇಲ್ಲವೇ ಹಗ್ಗದ ಅರ್ಧದಷ್ಟು ಬಲವನ್ನು ತಿಂದುಹಾಕುತ್ತದೆ. ಮಾಡಬೇಕಾದದ್ದು ಸ್ಪ್ಲೈಸ್, ಅಂದರೆ ಹಗ್ಗದ ತುದಿಯನ್ನು ಅದರ ಟೊಳ್ಳು ಹೆಣಿಗೆಯೊಳಗೇ ತೂರಿಸಿ ಹೂಳುವುದು.

ಬೇಕಾದ ಸಾಮಾನು: ಇನ್ಸುಲೇಷನ್ ಟೇಪ್, ಮಾರ್ಕರ್, ಅಳತೆ ಟೇಪ್, ಹರಿತವಾದ ಕತ್ತರಿ, ದಪ್ಪ ಸೂಜಿ ಮತ್ತು ಫಿಡ್ (ತುದಿಯನ್ನು ಹಗ್ಗದೊಳಗೆ ತೂರಿಸುವ ದಬ್ಬಣದಂತಹ ಸಾಧನ). ಫಿಡ್ ಸಿಗದಿದ್ದರೆ ಗಟ್ಟಿ ತಂತಿಯನ್ನು ಮಡಚಿ ಬಳಸಿ. ಸ್ಕ್ರೂಡ್ರೈವರ್ ಮಾತ್ರ ಬೇಡ, ಎಳೆಗಳನ್ನು ಸೀಳುತ್ತದೆ. ತುದಿಯನ್ನು ಲೈಟರಿನಲ್ಲಿ ಸುಡಲೂಬೇಡಿ. ಕರಗಿ ಗಟ್ಟಿಯಾದ ಗಂಟು ಹಗ್ಗದೊಳಗೆ ನುಗ್ಗುವುದಿಲ್ಲ.

ಹಾಳಾದ ಭಾಗವನ್ನು ಧಾರಾಳವಾಗಿ ಕತ್ತರಿಸಿ. ಕೊಕ್ಕೆಯ ಹತ್ತಿರ ಹರಿದಿದ್ದರೆ ಜೋಡಿಸುವ ಗೋಜು ಬೇಡ, ಹೊಸ ಕುಣಿಕೆ ಮಾಡಿ. ಹಗ್ಗ ಎರಡು ಮೀಟರ್ ಗಿಡ್ಡವಾದರೆ ನಷ್ಟವೇನೂ ಇಲ್ಲ.

ಈಗ ಅಳತೆ. ಜನ ಜಿಪುಣತನ ತೋರಿಸುವುದು ಇಲ್ಲಿಯೇ. ಬಾಲದ, ಅಂದರೆ ಒಳಗೆ ಹೂಳುವ ತುದಿಯ ಉದ್ದ ಹಗ್ಗದ ದಪ್ಪದ 72 ಪಟ್ಟು ಇರಬೇಕು, 10 ಮಿ.ಮೀ. ಹಗ್ಗಕ್ಕೆ 72 ಸೆಂ.ಮೀ. ಒಂದು ಗೇಣು ತೂರಿಸಿ ಮುಗಿಸಿದ ಸ್ಪ್ಲೈಸ್ ಕೈಯಲ್ಲಿ ಜಗ್ಗಿದರೆ ನಿಲ್ಲುತ್ತದೆ, ಕೆಸರಿನಲ್ಲಿ ಹೂತ ಜೀಪನ್ನು ಎಳೆಯುವಾಗ ಕಳಚುತ್ತದೆ. ಹೊರಗಿನ ಹಗ್ಗ ಬಿಗಿಯಾಗಿ ಒಳಗಿನ ಬಾಲವನ್ನು ಹಿಸುಕುವುದರಿಂದಲೇ ಹಿಡಿತ ಬರುತ್ತದೆ, ಅದಕ್ಕೆ ಉದ್ದ ಬೇಕು. ತುದಿಯಿಂದ 72 ಸೆಂ.ಮೀ.ಗೆ ಮೊದಲ ಗುರುತು. ತಿಂಬಲ್ (ಕುಣಿಕೆಯೊಳಗೆ ಕೂರುವ ಲೋಹದ ಬಳೆ) ಸುತ್ತಿ ಕುಣಿಕೆ ಎಷ್ಟು ಬೇಕೋ ಅಲ್ಲಿಗೆ ಎರಡನೆಯದು. ಅಲ್ಲಿಂದ ಮುಂದೆ ಇನ್ನೊಂದು 72 ಸೆಂ.ಮೀ.ಗೆ ಮೂರನೆಯದು.

ಬಾಲವನ್ನು ತೂರಿಸುವ ಮೊದಲೇ ಸಪೂರ ಮಾಡಬೇಕು. ಕೊನೆಯ 24 ಸೆಂ.ಮೀ.ನಲ್ಲಿ ಸುಮಾರು ಐದು ಸೆಂ.ಮೀ.ಗೊಮ್ಮೆ ಎಡಕ್ಕೆ ಓಡುವ ಒಂದು ಎಳೆ, ಬಲಕ್ಕೆ ಓಡುವ ಒಂದು ಎಳೆ ಕತ್ತರಿಸಿ ತೆಗೆಯಿರಿ. ಹಗ್ಗದ ಹನ್ನೆರಡು ಎಳೆಗಳಲ್ಲಿ ತುದಿಗೆ ಎರಡು ಉಳಿಯಲಿ. ಇದನ್ನು ಬಿಟ್ಟರೆ ದಪ್ಪ ಬಾಲ ಮುಗಿಯುವಲ್ಲಿ ಹಗ್ಗ ಮೆಟ್ಟಿಲಿನಂತೆ ತಟ್ಟನೆ ಇಳಿದು ಅಲ್ಲಿಯೇ ತುಂಡಾಗುತ್ತದೆ.

ಎರಡನೆಯ ಮತ್ತು ಮೂರನೆಯ ಗುರುತಿನ ನಡುವಿನ ಹಗ್ಗವನ್ನು ಒತ್ತಿ ಉಬ್ಬಿಸಿ. ಫಿಡ್‌ಗೆ ಬಾಲ ಸಿಕ್ಕಿಸಿ ಎರಡನೆಯ ಗುರುತಿನಲ್ಲಿ ಒಳಹೊಗಿಸಿ, ಮೂರನೆಯದರಲ್ಲಿ ಹೊರಗೆಳೆಯಿರಿ. ಮೊದಲ ಗುರುತು ಎರಡನೆಯದನ್ನು ಮುಟ್ಟಿದ ಮೇಲೆ ಕುಣಿಕೆಯನ್ನು ಹಿಡಿದು ಹಗ್ಗವನ್ನು ಮುಂದಕ್ಕೆ ನೀವುತ್ತಾ ಹೋಗಿ, ಬಾಲ ತಾನಾಗಿ ಒಳಸೇರುತ್ತದೆ. ಬಾಲ ಕಾಣದಾಯಿತೆಂದು ನಿಲ್ಲಿಸಬೇಡಿ. ಹೊರಗಿನ ಹೆಣಿಗೆಯಲ್ಲಿ ಸುಕ್ಕು ಉಳಿದಿದ್ದರೆ ಅದು ಭಾರ ಹೊರುವುದಿಲ್ಲ. ಬೆರಳಿಗೆ ಎಲ್ಲೂ ಸಡಿಲ ಸಿಗದವರೆಗೆ ನೀವಿ.

ಕುಣಿಕೆಯ ಕುತ್ತಿಗೆಯಲ್ಲಿ, ಕತ್ತರಿಸಿ ತೆಗೆದ ಎಳೆಯ ನೂಲಿನಿಂದಲೇ ಆರಪಾರ ಹೊಲಿಗೆ ಹಾಕಿ, ಹಗ್ಗವನ್ನು ಕಾಲು ಸುತ್ತು ತಿರುಗಿಸಿ ಮತ್ತೊಮ್ಮೆ ಹೊಲಿಯಿರಿ. ಈ ಹೊಲಿಗೆ ಭಾರಕ್ಕಲ್ಲ, ಹಗ್ಗ ಸಡಿಲವಿದ್ದಾಗ ಬಾಲ ಜಾರದಿರಲು. ಕೆಲವರು ಬ್ರಮ್ಮೆಲ್ ಎಂಬ ಅಡ್ಡ ಹೆಣಿಗೆಯನ್ನೇ ಹೊಗಳುತ್ತಾರೆ. ಪೂರ್ತಿ ಉದ್ದ ಹೂತು ಹೊಲಿದರೆ ಅದರ ಅಗತ್ಯವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ನಡುವೆ ತುಂಡಾದ ಹಗ್ಗಕ್ಕೂ ಇದೇ ಕ್ರಮ, ಎರಡೂ ಬಾಲಗಳನ್ನು ಎದುರು ಹಗ್ಗದೊಳಗೆ ಹೂಳಬೇಕು ಅಷ್ಟೆ.

ಅಗ್ಗದ ಹಗ್ಗ ಮಾರುವವರು ಅದು ಡೈನೀಮಾವೇ ಎಂದು ನೀರಿನಲ್ಲಿ ತೇಲಿಸಿ ತೋರಿಸುತ್ತಾರೆ. ನಂಬಬೇಡಿ, ಪಾಲಿಪ್ರೊಪಿಲೀನ್ ಹಗ್ಗವೂ ತೇಲುತ್ತದೆ. ಇನ್ನು ಮುರಕಲ್ಲಿನ ಹುಡಿ ಒಳಗೆ ಸೇರಿದರೆ ಒಳ್ಳೆಯ ಹಗ್ಗವನ್ನೂ ಕೊರೆಯುತ್ತದೆ. ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಹೊಳಪು ಬಂದು ಗಡುಸಾಗಿ, ಬಗ್ಗಿಸಿದರೂ ಮೆದುವಾಗದ ಜಾಗವಿದ್ದರೆ ಅದು ಬಿಸಿಗೆ ಕರಗಿದ್ದು, ಕತ್ತರಿಸಲೇಬೇಕು.

ಡ್ರಮ್ಮಿಗೆ ಮರಳಿ ಸುತ್ತುವಾಗ ಕೈಯಲ್ಲಿ ಸುತ್ತಿ ಬಿಡಬೇಡಿ, ಮೇಲಿನ ಸುತ್ತು ಕೆಳಗಿನದರೊಳಗೆ ಹೂತು ಸಿಕ್ಕಿಕೊಳ್ಳುತ್ತದೆ. ಹಗ್ಗದ ತುದಿಯನ್ನು ಅಗಲ ಪಟ್ಟಿಯಿಂದ ಮರಕ್ಕೆ ಕಟ್ಟಿ, ಹ್ಯಾಂಡ್‌ಬ್ರೇಕ್ ಸ್ವಲ್ಪ ಹಿಡಿದು ಜೀಪನ್ನೇ ಎಳೆಸಿಕೊಳ್ಳಿ. ಮರವೆಂದರೆ ಅಡಿಕೆ ಅಲ್ಲ, ಹಲಸೋ ಮಾವೋ ನೋಡಿಕೊಳ್ಳಿ.